ಬಾಗಿಲಲ್ಲಿ ನಿಲ್ಲುವವನ ಕೋಟು

ಅಸುನ್ಸಿಯೋನಿನಲ್ಲಿ ಜನವರಿ ಎಂದರೆ ನಡುಬೇಸಿಗೆ, ಗೋಡೆಯೂ ಬೆವರುವ ಸೆಕೆ. ದರ್ಜಿ ಬಸಿಲಿಸಾ ತಣ್ಣನೆಯ ತೆರೆರೆ ಪಾನೀಯದ ಲೋಟ ಬದಿಗಿಟ್ಟು, ಹೋಟೆಲಿನ ಯಜಮಾನ ದೋನ್ ಎರಿಬೆರ್ತೊನ ಭುಜಕ್ಕೆ ಟೇಪು ಹಿಡಿದಳು. ನಲವತ್ತು ವರ್ಷ ಪಳಗಿದ ಕೈ. ಅವಳ ಕತ್ತರಿಗೆ ಎದುರಾಡುವವರು ಊರಲ್ಲೇ ಇರಲಿಲ್ಲ.

"ಚಳಿಗೆ ಬೂದು ಬಣ್ಣದ ದಪ್ಪ ಉಣ್ಣೆಯದು ಒಂದು. ನಡುವಿನ ತಿಂಗಳಿಗೆ ತೆಳು ಉಣ್ಣೆಯದು, ಕಡುನೀಲಿ. ಬೇಸಿಗೆಗೆ ಲಿನನ್ ಎರಡು. ನೀಲಿ ಕೋಟಿಗೆ ಬೂದು ಪ್ಯಾಂಟೂ ಹೊಂದ್ಬೇಕು, ಲಿನನ್ ಪ್ಯಾಂಟೂ ಹೊಂದ್ಬೇಕು. ನಾಲ್ಕೇ ಸೂಟಲ್ಲಿ ವರ್ಷ ಕಳೀಬೇಕು ನೋಡು," ಎಂದ ಅವನು.

"ಧಾರಾಳವಾಗಿ ಕಳೀತೀರಿ. ಲಿನನ್ನಿಗೆ ಒಳಪದರ ಅರ್ಧಕ್ಕೇ ನಿಲ್ಲಿಸ್ತೀನಿ, ಗಾಳಿ ಆಡುತ್ತೆ."

"ಬಾಗಿಲು ಕಾಯೋ ಎಲಿಹಿಯೊಗೂ ಒಂದು. ಕಪ್ಪು, ದಪ್ಪ ಉಣ್ಣೆ, ಹಳೇದರ ಥರಾನೇ."

"ಅವನಿಗೆ ಯಾವ ಕಾಲಕ್ಕೆ?"

"ಬಾಗಿಲಲ್ಲಿ ನಿಲ್ಲೋನಿಗೆ ಕಾಲ ಏನಮ್ಮಾ! ಗತ್ತಿರಬೇಕು, ಅಷ್ಟೆ. ಬಂದೋರು ಬಾಗಿಲು ನೋಡೇ ಹೋಟೆಲನ್ನ ಅಳೆಯೋದು. ನಮ್ಮಪ್ಪನ ಕಾಲದಿಂದ್ಲೂ ಹೀಗೇ."

ಮಂಗಳವಾರವಷ್ಟೇ ಎಲಿಹಿಯೊ ಆ ಉಣ್ಣೆಯೊಳಗೆ ಬೆಂದು, ತಲೆಸುತ್ತಿ ಮೆಟ್ಟಿಲ ಮೇಲೆ ಬಿದ್ದಿದ್ದ. ಕೋಟಿನ ಗುಂಡಿ ಬಿಚ್ಚುವಂತಿಲ್ಲ ಎಂಬುದು ಅಲ್ಲಿನ ಕಟ್ಟಪ್ಪಣೆ. ಇನ್ನೊಮ್ಮೆ ಬಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆಂದು ಯಜಮಾನ ಹೇಳಿಕಳಿಸಿದ್ದ. ಐವತ್ತೆಂಟರ ಮನುಷ್ಯನಿಗೆ ಹೊಸ ಕೆಲಸ ಯಾರು ಕೊಟ್ಟಾರು? ಬಸಿಲಿಸಾಗೆ ಸಿಟ್ಟು ನೆತ್ತಿಗೇರಿತು. ಆದರೂ "ಆಗಲಿ, ಹೊಲೀತೀನಿ" ಎಂದಳು. ಅವಳ ಲೆಕ್ಕಾಚಾರವೇ ಬೇರೆ ಇತ್ತು.

ವಾರ ಕಳೆದು, ನಡುಮಧ್ಯಾಹ್ನಕ್ಕೆ ಸರಿಯಾಗಿ ಕಪ್ಪು ಕೋಟು ಹಿಡಿದು ಹೋಟೆಲಿಗೆ ಬಂದಳು.

"ಎಲಿಹಿಯೊ ಇನ್ನೂ ಹಾಸಿಗೆ ಬಿಟ್ಟಿಲ್ಲ. ನಿಮ್ಮಿಬ್ಬರ ಭುಜ ಒಂದೇ ಅಳತೆ, ನೀವೇ ತೊಟ್ಟು ತೋರಿಸಿ. ಹೊರಗೇ ಬನ್ನಿ, ಬಾಗಿಲಲ್ಲಿ ಹೇಗೆ ಕಾಣುತ್ತೆ ಅನ್ನೋದು ತಾನೆ ಮುಖ್ಯ?"

"ಬೇಗ ಮುಗಿಸಮ್ಮಾ."

"ಒಂದೇ ನಿಮಿಷ."

ಆ ಒಂದು ನಿಮಿಷ ಇಪ್ಪತ್ತಾಯಿತು. ಗುಂಡುಸೂಜಿ ಚುಚ್ಚುವಳು, ಹಿಂದೆ ಸರಿದು ನೋಡುವಳು, ಮತ್ತೆ ಕೀಳುವಳು. ಎರಿಬೆರ್ತೊನ ಕತ್ತಿನಿಂದ ಬೆವರು ಧಾರೆಯಾಗಿ ಇಳಿಯಿತು. ಕೈ ಗುಂಡಿಗೆ ಹೋಯಿತು.

"ಊಹೂಂ! ಬಿಚ್ಚಿದ್ರೆ ಗತ್ತು ಹೋಗುತ್ತೆ."

ಅಷ್ಟರಲ್ಲಿ ಟ್ಯಾಕ್ಸಿಯಿಂದಿಳಿದ ಹೆಂಗಸೊಬ್ಬಳು ತನ್ನ ಪೆಟ್ಟಿಗೆಯನ್ನು ಅವನ ಕೈಗೆ ತುರುಕಿ, "ಏನಯ್ಯಾ, ನಿಂತಲ್ಲೇ ನಿದ್ದೇನಾ? ಬಾಗಿಲು ತೆಗಿ!" ಎಂದಳು. ಅವನ ಮುಖವನ್ನೂ ನೋಡಲಿಲ್ಲ. ಎರಿಬೆರ್ತೊ ತಬ್ಬಿಬ್ಬಾಗಿ ಬಾಗಿಲು ತೆಗೆದ, ಪೆಟ್ಟಿಗೆ ಒಳಗಿಟ್ಟ, ಹೊರಗೆ ಬಂದು ಕಂಬ ಹಿಡಿದು ನಿಂತ.

"ಬೇಕಂತಲೇ ಮಾಡಿದ್ಯಾ?"

"ಆ ಹೆಂಗಸು ಯಾರೋ ನಾನರಿಯೆ. ಬಿಸಿಲಿಗೆ ನಿಲ್ಲಿಸಿದ್ದು ಮಾತ್ರ ಬೇಕಂತಲೇ. ಸುಳ್ಳು ಯಾಕೆ ಹೇಳಲಿ?"

ಅವನು ಕೋಟಿನ ತೋಳನ್ನು ಮುಟ್ಟಿ ನೋಡಿದ. "ಇದ್ರಲ್ಲಿ ಅವನು ಎಷ್ಟು ಹೊತ್ತು ನಿಲ್ತಾನೆ?"

"ಹತ್ತು ಗಂಟೆ. ನೀವೇ ಹಾಕಿದ ಪಾಳಿ."

ಎರಿಬೆರ್ತೊ ಕೋಟು ಕಳಚಿ ಅವಳ ಕೈಗಿಟ್ಟ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಇದು ಚಳಿಗಾಲಕ್ಕಿರಲಿ. ನನ್ನ ಲಿನನ್ ಕತ್ತರಿಸಿಬಿಟ್ಯಾ?"

"ಇನ್ನೂ ಇಲ್ಲ."

"ಅದನ್ನ ಎಲಿಹಿಯೊಗೇ ಹೊಲಿ, ಎರಡನ್ನೂ. ನನ್ನದು ಆಮೇಲೆ ನೋಡೋಣ."

ಮುಂದಿನ ಸೋಮವಾರ ಎಲಿಹಿಯೊ ತಿಳಿ ಬಣ್ಣದ ಲಿನನ್ ಸೂಟು ತೊಟ್ಟು ಬಾಗಿಲಲ್ಲಿ ನೆಟ್ಟಗೆ ನಿಂತಿದ್ದ. ತನ್ನ ಹಳೆಯ ಉಣ್ಣೆಯ ಸೂಟಿನಲ್ಲೇ ಬೆವರೊರೆಸುತ್ತ ಬಂದ ಎರಿಬೆರ್ತೊ, ಅವನು ಕೈ ಚಾಚುವ ಮೊದಲೇ ಬಾಗಿಲನ್ನು ತಾನೇ ತೆರೆದು ಒಳಗೆ ಹೋದ.