ಚೆಲ್ಲಿದ ರಸ

ಕಡಲೆ ಕಿತ್ತ ಎರೆಹೊಲಗಳ ಮೇಲೆ ಮಾಘಮಾಸದ ಸಂಧ್ಯಾರಾಗವು ಕುಂಕುಮದ ನೀರಿನಂತೆ ಹರಡುತ್ತಿತ್ತು... ಗಜೇಂದ್ರಗಡದ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳ ಶ್ವೇತಬಾಹುಗಳು, ಯಾರನ್ನೋ ಕರೆದು ಕರೆದು ದಣಿದಂತೆ, ಮಂದವಾಗಿ ಸುತ್ತುತ್ತಿದ್ದವು. ಬಿರುಕು ಬಿಟ್ಟ ಕರಿನೆಲ ಹಗಲಿನ ಬಿಸಿಯನ್ನು ನಿಟ್ಟುಸಿರಾಗಿ ಬಿಡುತ್ತಿತ್ತು. ಆದರೆ ಸಹೃದಯನೇ, ಅಸೂಟಿಯೆಂಬ ಹಳ್ಳಿಯ ಒಂದು ಪಡಸಾಲೆಯಲ್ಲಿ ಕುಳಿತ ಮಾನವ್ವನ ಕಣ್ಣಿಗೆ ಈ ಸೌಂದರ್ಯವೇನೂ ಕಾಣಲಿಲ್ಲ. ಕಂಡದ್ದು ಗಂಡ ಕಳಕಪ್ಪನ ಊದಿದ ಪಾದ!

ಆಕೆ ಹೆಬ್ಬೆರಳಿನಿಂದ ಒತ್ತಿದಳು. ಮಳೆಗಾಲದ ಎರೆಮಣ್ಣಿನಲ್ಲಿ ಊರಿದ ಹೆಜ್ಜೆಯಂತೆ ಕುಳಿ ಬಿದ್ದಿತು, ಬಿದ್ದದ್ದು ತುಂಬಲಿಲ್ಲ.

“ಏನ ಮಾನಿ, ನನ್ನ ಕಾಲಾಗ ಬಾವಿ ತೋಡಾಕತ್ತಿಯೇನ?” ಕಳಕಪ್ಪ ನಕ್ಕ.

“ಸುಮ್ಮನ ಕುಂದರ್ರಿ. ನಗೂ ಹೊತ್ತಲ್ಲ ಇದು.”

ಅವನ ಮೂತ್ರಪಿಂಡಗಳು ಸೋತಿವೆಯೆಂದು ತಿಳಿದ ದಿನ, ದೊಡ್ಡ ದವಾಖಾನೆಯೊಂದರಲ್ಲಿ ಮುಖವೆತ್ತದೆ ಒಬ್ಬ ವೈದ್ಯ ಹೇಳಿದ್ದ: “ಮಾಂಸ ಬಿಡ್ರಿ. ನಿಮ್ಮ ಮಂದಿಗೆ ನಾಲಿಗಿ ಕಟ್ಟೂದು ಗೊತ್ತಿಲ್ಲ ನೋಡ್ರಿ.” ಆಹಾ, ಎಷ್ಟು ಸುಲಭ! ಒಂದು ಕೇರಿಯ ಒಲೆಯನ್ನೇ ಅಪರಾಧಿಯಾಗಿಸಿದ ಆ ನಾಲಿಗೆಗೆ, ಏನನ್ನು ಹೇಗೆ ಉಣ್ಣಬೇಕೆಂದು ಬಿಡಿಸಿ ಹೇಳುವ ಪುರುಸೊತ್ತಿರಲಿಲ್ಲ. ಅವಮಾನವೇ ಔಷಧಿಯಾಗುವುದಿದ್ದರೆ ಈ ನಾಡಿನ ಕೇರಿಗಳಲ್ಲಿ ರೋಗವೇ ಉಳಿಯುತ್ತಿರಲಿಲ್ಲ!

ಮಾನವ್ವ ಮಾಂಸ ಬಿಡಿಸಿದಳು. ಆದರೆ ಬಾಣಂತಿಗೂ, ಎಲುಬು ಮುರಿದವರಿಗೂ ಆಡಿನ ಕಾಲಿನ ರಸ ಕುಡಿಸಿಯೇ ಎಬ್ಬಿಸಿ ನಿಲ್ಲಿಸಿದ ಮನೆತನ ಆಕೆಯದು. ಕೇಡೆಲ್ಲ ತುಣುಕಿನಲ್ಲಿ, ಬಲವೆಲ್ಲ ರಸದಲ್ಲಿ ಎಂದು ನಂಬಿ, ಅರಿವೆಯಲ್ಲಿ ಸೋಸಿ, ಬಟ್ಟಲುಗಟ್ಟಲೆ ಕುಡಿಸಿದಳು... ಕುಡಿಸಿದಷ್ಟೂ ಆ ಪಾದಗಳು ಕಾರ್ಮೋಡಗಳಂತೆ ಊದಿದವು.

ಪಾದ ಒತ್ತಿ ನೋಡಿದ ಆ ಸಂಜೆಯ ಮರುದಿನ ಗಜೇಂದ್ರಗಡದ ಡಾಕ್ಟರ್ ಮಹೇಶ್ವರಿ, ರಕ್ತಪರೀಕ್ಷೆ ನೋಡಿ, ಊಟಕ್ಕೇನು ಕೊಡುತ್ತೀರೆಂದು ಕೇಳಿದಾಗ ಮಾನವ್ವ ಹೆಮ್ಮೆಯಿಂದಲೇ ಹೇಳಿದಳು: “ಒಂದ ತುಣುಕ ಸೈತ ಮುಟ್ಟಿಸಿಲ್ಲರಿ. ಬರೇ ಕಾಲಿನ ರಸ.”

ವೈದ್ಯೆಯ ಮುಖ ಕಳೆಗುಂದಿತು.

“ಅವ್ವಾ, ಪೊಟ್ಯಾಸಿಯಂ ಅನ್ನೂ ಕ್ಷಾರ, ಉಪ್ಪು ಎಲ್ಲಾ ಆ ರಸಕ್ಕ ಇಳದಿರ್ತೈತಿ. ಅದನ್ನ ಹೊರಗ ಹಾಕೂ ತಾಕತ್ತು ಇವರ ಕಿಡ್ನಿಗಿಲ್ಲ. ಆಗೊಮ್ಮೆ ಈಗೊಮ್ಮೆ ಎರಡ ಸಣ್ಣ ತುಣುಕ ತಿಂದ್ರ ನಡೀತೈತಿ. ಕುದಿಸಿದ ನೀರು ಮಾತ್ರ ಚೆಲ್ಲಬೇಕು. ರಸ ಬ್ಯಾಡೇ ಬ್ಯಾಡ. ಹಿಂಗ ನಡದ್ರ ಆ ಕ್ಷಾರ ರಕ್ತದಾಗ ಏರಿ ಎದಿ ನಿಂತಬಿಡತೈತಿ.”

ಎದೆ ನಿಲ್ಲುವುದು...! ಅಮೃತವೆಂದು ತಾನೇ ತುಟಿಗಿಟ್ಟದ್ದು...! ಮರಳುವ ಬಸ್ಸಿನುದ್ದಕ್ಕೂ ಆಕೆಯ ಕೈ ಅವನ ನಾಡಿಯ ಮೇಲೆಯೇ ಇತ್ತು, ಬಿರುಗಾಳಿಯಲ್ಲಿ ಹಣತೆಗೆ ಅಂಗೈ ಅಡ್ಡ ಹಿಡಿದಂತೆ.

“ನಾನ ನಿಮ್ಮನ್ನ ಕೊಲ್ಲಾಕತ್ತಿದ್ದೆ.”

“ಕೊಲ್ಲಾವಾಕಿ ಅಷ್ಟ ರುಚಿ ಮಾಡ್ತಿದ್ದಿಲ್ಲ ಬಿಡ,” ಎಂದನಾತ. ಆದರೆ ನಾಡಿಯ ಮೇಲಿನ ಆಕೆಯ ಕೈಯನ್ನು ತನ್ನ ಇನ್ನೊಂದು ಕೈಯಿಂದ ಮುಚ್ಚಿ ಹಿಡಿದ.

ಔಷಧಿಗೆ ಊತ ತುಸು ಇಳಿದು, ವೈದ್ಯೆ ಒಪ್ಪಿಗೆ ಕೊಟ್ಟ ಮೇಲೆ ಒಂದು ಐತವಾರ ಮಾನವ್ವ ಎರಡು ಸಣ್ಣ ತುಣುಕು ಕುದಿಸಿದಳು. ಗಡಿಗೆಯೆತ್ತಿ ಹಿತ್ತಲಿಗೆ ಬಂದರೆ, ಆ ಪರಿಮಳದಲ್ಲಿ ಹೆತ್ತವ್ವನೇ ಎದ್ದು ಬಂದು ಕೈ ತಡೆದಂತಾಯಿತು. ಕಣ್ಣು ಮುಚ್ಚಿ ಬಗ್ಗಿಸಿದಳು. ಹೊನ್ನಿನ ಎಳೆಯಂತೆ ಜಾರಿದ ಆ ಧಾರೆಯನ್ನು ಕರಿಮಣ್ಣು ಸದ್ದಿಲ್ಲದೆ ಕುಡಿದುಬಿಟ್ಟಿತು.

“ಉಪ್ಪಿಲ್ಲ, ರಸ ಇಲ್ಲ... ಇದು ಆಡೋ, ಹತ್ತಿಯೋ?” ಎಂದ ಕಳಕಪ್ಪ, ತುತ್ತು ಅಗಿಯುತ್ತ.

“ಹತ್ತಿ ಅಂತ ತಿಳದ ಲಗೂ ನುಂಗ್ರಿ!”

ಅವನು ಉಣ್ಣುತ್ತಿರುವಾಗ ಪಾದವನ್ನು ಒತ್ತಿದಳು. ಕುಳಿ ಬಿದ್ದಿತು... ಮೆಲ್ಲಗೆ, ಪೂರ್ತಿಯಾಗಿ ಅಲ್ಲ, ತುಂಬಿಕೊಂಡಿತು.

ಬಡಿಸುವುದನ್ನೇ ಪ್ರೀತಿಯೆಂದು ಬಲ್ಲ ಕೈಗಳಿಗೆ ಚೆಲ್ಲುವುದನ್ನು ಕಲಿಸಿದ್ದು ಭೀತಿ. ಆ ಭೀತಿ ಮಾನವ್ವನ ಎದೆಯನ್ನು ಬಿಟ್ಟು ಹೋಗಲಿಲ್ಲ; ಸಂಜೆಯ ಕೆಂಪು ಆರಿದ ಮೇಲೂ ಕರಿನೆಲದಲ್ಲಿ ಉಳಿಯುವ ಬಿಸುಪಿನಂತೆ, ಅವನ ಪಾದದ ಮೇಲಿನ ಆ ಹೆಬ್ಬೆರಳಲ್ಲಿ ನಡುಗುತ್ತಲೇ ಇತ್ತು... ಒಲವು ಎನ್ನುವುದೂ ಬಹುಶಃ ಆ ನಡುಕವನ್ನೇ!