5,035ರಲ್ಲಿ ಕೇಳಿಸಿದ ಹಾಡು

ಸಂಜೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ, ಗದಗಿನ ಒಂದು ಅಡುಗೆಮನೆ ಕಟ್ಟೆಯ ಮೇಲೆ, ನಾನು ಮೊದಲ ಸಲ ಮಾತಾಡಿದೆ. ನಾನು ಒಂದು ಶಾರ್ಟ್‌ವೇವ್ ರೇಡಿಯೊ. ಮಾಡಿದವರು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದ ಇಂದುಮತಿ ಕೊಪ್ಪದ. ಮಾಡಿಸಿಕೊಂಡವರು ನೆರೆಮನೆಯ ದಾನಪ್ಪ ಹೂಲಿ, ರೈಲ್ವೆ ಗಾರ್ಡ್ ಆಗಿದ್ದವರು.

“ಅಂಕಿ ಒತ್ತಿದ ಕೂಡ್ಲೆ ಸ್ಟೇಷನ್ ಬರೂದು ಬ್ಯಾಡ್ರಿ ಅಕ್ಕಾರ. ಮುಳ್ಳು ಸರೀಬೇಕು, ನಾ ಹುಡುಕಬೇಕು,” ಎಂದಿದ್ದರು ದಾನಪ್ಪ.

“ಹುಡುಕಿ ಹುಡುಕಿ ಕೈ ನೋತ್ರ ನನ್ನ ಬೈಬ್ಯಾಡ್ರಿ ಮತ್ತ.”

ಸಾಗವಾನಿ ಪೆಟ್ಟಿಗೆ, ಗಾಜಿನ ಹಿಂದೆ ಹಳದಿ ದೀಪ, ದಾರಕ್ಕೆ ಕಟ್ಟಿದ ಕೆಂಪು ಮುಳ್ಳು. ಎಲ್ಲ ಸರಿಹೋಯಿತು, ಗುಂಡಿಯೊಂದನ್ನು ಬಿಟ್ಟು. ಕೇಂದ್ರ ಹಿಡಿಯುವ ಕಂಡೆನ್ಸರನ್ನು ಮೂರು ಗ್ಯಾಂಗಿನದು, ಅಂದರೆ ಮೂರು ಭಾಗದ್ದು, ಹಾಕಿದರೆ ಅದು ಬಿಗಿಯಾಗುತ್ತಿತ್ತು; ಎರಡರದ್ದು ಹಾಕಿದರೆ ಬೆಣ್ಣೆಯಂತೆ ತಿರುಗುತ್ತಿತ್ತು. ಆದರೆ ಎರಡರದ್ದರಲ್ಲಿ ಒಂದು ದೋಷ: ಜೋರಾದ ಕೇಂದ್ರವೊಂದು ತನ್ನ ಜಾಗದಲ್ಲಷ್ಟೇ ಅಲ್ಲ, 910 ಕಿಲೋಹರ್ಟ್ಸ್ ಕೆಳಗೂ ಕೇಳಿಸುತ್ತದೆ. ಇಂದುಮತಿಗೆ ಇದು ಗೊತ್ತಿತ್ತು. ಎರಡರದ್ದೇ ಹಾಕಿದರು.

ದೂರದ ಕೇಂದ್ರವನ್ನು ಕೇಳಿ, ಕೇಳಿದ್ದನ್ನು ಬರೆದು ಕಳಿಸಿದರೆ ಆ ಕೇಂದ್ರ ಹೌದೆಂದು ಒಂದು ಕಾರ್ಡ್ ಕಳಿಸುತ್ತದೆ. ದಾನಪ್ಪನವರ ಬಳಿ ಅರವತ್ತೊಂದು ದೇಶಗಳ ಕಾರ್ಡುಗಳಿದ್ದವು. ಈ ಆಟದಲ್ಲಿ ಬೇರೆ ಸಾಕ್ಷಿ ಇಲ್ಲ. ಕೇಳಿದವನ ಮಾತೇ ಸಾಕ್ಷಿ. ಒಂದು ಸಂಜೆ 5,035 ಕಿಲೋಹರ್ಟ್ಸ್‌ನಲ್ಲಿ ಅವರಿಗೆ ಮಂದವಾಗಿ ಒಂದು ಹಾಡು ಕೇಳಿಸಿತು. ಆ ಜಾಗ ಪೆಸಿಫಿಕ್‌ನ ಪುಟ್ಟ ದ್ವೀಪವೊಂದರ ಕೇಂದ್ರದ್ದು. ಕಣ್ಣು ಒದ್ದೆಯಾಗುವಷ್ಟು ಹಿಗ್ಗಿ ಬರೆದು ಕಳಿಸಿದರು. ಊರಿನ ಕೇಳುಗರ ಬಳಗಕ್ಕೂ ಹೇಳಿದರು.

ಉತ್ತರ ಬಳಗದ ವಿಳಾಸಕ್ಕೆ ಬಂತು. ಭಾನುವಾರದ ಸಭೆಗೆ ದಾನಪ್ಪ ನನ್ನನ್ನೂ ತಂದಿದ್ದರು. ಕಾರ್ಯದರ್ಶಿ ವಿಠೋಬಾ ಓದಿದರು: ಆ ವಾರವೆಲ್ಲ ನಮ್ಮ ಟ್ರಾನ್ಸ್‌ಮಿಟರ್ ರಿಪೇರಿಗಾಗಿ ನಿಂತಿತ್ತು.

“ಮತ್ತ ಯಾರು ಹಾಡಿದ್ರು ದಾನಪ್ಪಾರ? ಸಮುದ್ರದಾಗಿನ ಮೀನಾ?” ಎಂದರು ವಿಠೋಬಾ.

ಎಲ್ಲರೂ ನಕ್ಕರು. “ನಾ ಕೇಳೇನ್ರೀ. ಖರೇನ ಕೇಳೇನಿ,” ಎಂದರು ದಾನಪ್ಪ. ನನ್ನ ತಲೆಯ ಮೇಲಿದ್ದ ಅವರ ಅಂಗೈ ಬೆವೆತಿತ್ತು. ನಾನು ಬೇರೆಯವರ ಮಾತನ್ನಷ್ಟೇ ಆಡಬಲ್ಲೆ. ಅವರ ಪರವಾಗಿ ಒಂದು ಮಾತೂ ನನ್ನಿಂದ ಆಗಲಿಲ್ಲ.

ಹಿಂದೆ ಕೂತಿದ್ದ ಇಂದುಮತಿ ಎದ್ದು ಬಂದು ನನ್ನನ್ನು ಹಚ್ಚಿದರು. 5,945ಕ್ಕೆ ತಿರುಗಿಸಿದರು: ನೆರೆದೇಶದ ದೊಡ್ಡ ಕೇಂದ್ರ, ಗಟ್ಟಿಯಾಗಿ ಒಂದು ಹಾಡು. 5,035ಕ್ಕೆ ಇಳಿಸಿದರು: ಅದೇ ಹಾಡು, ಮಂದವಾಗಿ.

“ಅವ್ರು ಕೇಳಿದ್ದು ಖರೆ. ಸುಳ್ಳು ಹೇಳಿದ್ದು ನಾ ಮಾಡಿದ ಪೆಟ್ಟಿಗಿ.”

ಯಾರೂ ನಗಲಿಲ್ಲ. “ಮೊದಲ ಒಂದ್ ಮಾತು ಹೇಳಬೇಕಿತ್ತಲ್ರೀ ಅಕ್ಕಾರ,” ಎಂದರು ದಾನಪ್ಪ, ಮೆಲ್ಲಗೆ.

“ಗುಂಡಿ ಎಷ್ಟ್ ಛಂದ ತಿರಗತದ ಅಂದ್ರಿ. ಅದನ್ನ ಕೇಳಿದ ಮ್ಯಾಲ ಹೇಳಾಕ ಬಾಯಿ ಬರ್ಲಿಲ್ಲ.”

ಈಗ ನನ್ನ ಜಾಗ ಬಳಗದ ಕೋಣೆಯ ಕಪಾಟಿನ ಮೇಲೆ. ಬಂದವರು ಗುಂಡಿ ತಿರುಗಿಸಿ ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನನಗೆ ಆ ಬೆವೆತ ಅಂಗೈ ನೆನಪಾಗುತ್ತದೆ. ಚಂದ ತಿರುಗಲೆಂದು ನಾನು ಒಬ್ಬ ಸತ್ಯವಂತನನ್ನು ಸುಳ್ಳುಗಾರನಂತೆ ನಿಲ್ಲಿಸಿದೆ.

ಸಭೆಯ ಮರುದಿನ ದಾನಪ್ಪ ದ್ವೀಪದ ಕೇಂದ್ರಕ್ಕೆ ಪತ್ರ ಬರೆದು ತಮ್ಮ ವರದಿಯನ್ನು ಹಿಂತೆಗೆದುಕೊಂಡರು. ಪತ್ರದ ಕೆಳಗೆ ಇಂದುಮತಿಯೂ ಸಹಿ ಹಾಕಿದರು.