ಮೂವತ್ತೊಂದು ಬೋಲ್ಟಿನ ಕೂರಿಗೆ

ಕೂಡ್ಲಿಗಿಯ ನನ್ನ ವೆಲ್ಡಿಂಗ್ ಅಂಗಡಿಯ ಬೋರ್ಡು ನಾನೇ ಬರೆದದ್ದು: ‘ಮಹಬೂಬ್ ಬಿಡಿಭಾಗದ ಕೂರಿಗೆ. ಕೆಟ್ಟದ್ದನ್ನಷ್ಟೇ ಬದಲಿಸಿ.’ ಬಿತ್ತುವ ಕೂರಿಗೆಗೆ ಮೂವತ್ತೊಂದು ಬೋಲ್ಟು ಹಾಕಿದವನು ಈ ಸೀಮೆಯಲ್ಲಿ ನಾನೊಬ್ಬನೇ. ಉಳಿದವರಿಗೆ ಬುದ್ಧಿ ಇತ್ತು.

ಎರಡು ವರ್ಷದ ಹಿಂದೆ ಇಟ್ಟಿಗಿಯ ಓಬಮ್ಮ ಅದನ್ನು ಕೊಂಡು, ಬಿಚ್ಚಿ, ಚೀಲಕ್ಕೆ ತುಂಬಿ ಬಸ್ಸಿನಲ್ಲೇ ಒಯ್ದಾಗ ನನ್ನನ್ನು ಹಿಡಿಯುವವರಿರಲಿಲ್ಲ. ಈ ಸಲ ಮಳೆ ಬಿದ್ದ ಮೂರನೇ ದಿನ ಅವಳ ಫೋನ್ ಬಂತು.

“ಮಾಬಣ್ಣ, ನಡುವಿನ ತಾಳು ಅಲ್ಲಾಡಾಕತ್ತೈತಿ. ನಾಳಿಗೆ ನೆಲದ ಹದ ಆರತೈತಿ. ಇವತ್ತ ಸಜ್ಜಿ ಬಿತ್ತಬೇಕು, ಲಗೂನ ಬಾ.”

ತಾಳೆಂದರೆ ನೆಲ ಸೀಳಿ ಸಾಲು ಹಾಕುವ ಕಾಲು. “ಅದೊಂದು ಬದಲಿ ಮಾಡಿದ್ರಾತಕ್ಕಾ, ಹತ್ತು ನಿಮಿಷದ ಕೆಲಸ,” ಎಂದೆ. ಹೆಂಡತಿ ಜೋಹರಾಬಿ ಎರಡು ಹೊತ್ತಿನ ಬುತ್ತಿ ಕಟ್ಟಿದಳು. ನನ್ನ ಹತ್ತು ನಿಮಿಷ ಅವಳಿಗೆ ಗೊತ್ತು.

ಹೊಲದಲ್ಲಿ ಹೊಸ ತಾಳು ಕೂರಲೊಲ್ಲದು. ಆಗ ನೆನಪಾಯಿತು. ಹೋದ ವರ್ಷ, ಇನ್ನೂ ಗಟ್ಟಿಯಾಗಲಿ ಎಂದು ಹೊಸ ಭಾಗಗಳಿಗೆಲ್ಲ ಹತ್ತು ಮಿಲಿಮೀಟರಿನ ಬೋಲ್ಟು ಬಿಟ್ಟು ಹನ್ನೆರಡರದ್ದು ಮಾಡಿದ್ದೆ. ಯಾವ ಭಾಗವಾದರೂ ಯಾವ ಕೂರಿಗೆಗಾದರೂ ಕೂಡುತ್ತದೆ ಎಂದು ಊರೂರು ಹೇಳಿಕೊಂಡು ತಿರುಗಿದವನು, ಕೂಡುವ ಜಾಗವನ್ನೇ ಬದಲಿಸಿ ಕೂತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಯಿತು. ಹಳೆಯದನ್ನೇ ಬಿಗಿದು, ಕೂರಿಗೆ ನಾನೇ ಹಿಡಿದು ಎತ್ತು ಹೊಡೆದೆ. ಓಬಮ್ಮ ಬೀಜ ಬಿಡುತ್ತಾ ಹಿಂದೆ ಬಂದಳು.

ರಸ್ತೆ ಬದಿಗೆ ಹೋಗಿ ಬರುವ ಒಂದು ಸುತ್ತು ಮುಗಿಯುವಷ್ಟರಲ್ಲಿ ತಾಳು ಬಿಗಿದರೆ ಮೂರೂ ತಾಳು ಹಿಡಿದ ದಿಂಡು ಸಡಿಲ, ದಿಂಡು ಬಿಗಿದರೆ ಬೀಜ ಇಳಿಯುವ ಕೊಳವೆ ಸಡಿಲ. ತಪ್ಪು ಯಾವುದರದ್ದೆಂದು ಮೂವತ್ತೊಂದು ಬೋಲ್ಟನ್ನೂ ಮುಟ್ಟಿ ನೋಡಬೇಕಿತ್ತು. ಓಬಮ್ಮ ಮಣ್ಣು ಹಿಡಿದು ನೋಡಿದಳು.

“ಸಾಕು, ನಿಲ್ಸು. ವರ್ಷಾ ಸವೆಯೋದು ತಾಳಿನ ತುದಿಯ ಮೂರು ಮೊನಿ ಅಷ್ಟ. ಉಳಿದಿದ್ದು ಬಸ್ಸಿನ್ಯಾಗ ತಂದ ಮ್ಯಾಲೆ ಒಂದು ಸಲಾನೂ ಬಿಚ್ಚಿಲ್ಲ. ಅದಕ್ಯಾಕ ಬೋಲ್ಟು?”

ಬೋರ್ಡಿನಲ್ಲಿ ಚೆಂದ ಕಾಣುತ್ತದೆ ಎನ್ನಲಾದೀತೇ?

ಇಟ್ಟಿಗಿಯಲ್ಲೇ ಇದ್ದ ಗಂಗಪ್ಪನ ವೆಲ್ಡಿಂಗ್ ಅಂಗಡಿಗೆ ಕೂರಿಗೆ ಹೊತ್ತು ಒಯ್ದೆ. “ಮಾಬುಸಾಬ್ರ ಕೂರಿಗಿಗೂ ವೆಲ್ಡಿಂಗೇನ್ರಿ?” ಎಂದು ಅವನು ಮೀಸೆಯಡಿ ನಕ್ಕ. ಮೂರು ಮೊನೆಗಳ ಬೋಲ್ಟು ಬಿಟ್ಟು ಉಳಿದದ್ದನ್ನೆಲ್ಲ ನನ್ನ ಕೈಯಾರೆ ಬೆಸೆದೆ. ಹೊತ್ತು ಮುಳುಗುವ ಮುಂಚೆ ಓಬಮ್ಮನ ಬಿತ್ತನೆ ಮುಗಿಯಿತು. ನನಗೆ ಜೀವ ಬಂದಂತಾಯಿತು.

ಈಗ ನನ್ನ ಕೂರಿಗೆಗೆ ಮೂರೇ ಬೋಲ್ಟು, ಹತ್ತರದ್ದೇ. ಬಸ್ಸಿಗೆ ಹತ್ತಿಸಲು ಬರುವುದಿಲ್ಲ ಎಂದು ಗಿರಾಕಿಗಳು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.

ತಿಂಗಳಾದ ಮೇಲೆ ಓಬಮ್ಮ ಮತ್ತೆ ಫೋನ್ ಮಾಡಿದಳು. “ಸಜ್ಜಿ ಚೆಂದ ಎದ್ದೈತಿ, ಗೆರಿ ಹೊಡದಂಗ. ರಸ್ತಿ ಬದೀಗೆ ನೀ ಬಿತ್ತಿದ ಆರು ಸಾಲು ಮಾತ್ರ ಹಾವು ಹರಿದಂಗ ಅದಾವ.”

“ಅವನ್ನ ಹರಗಿ ಬಿಡಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ.”

“ಬೆಳಿ ಹೆಂಗ ಕೆಡಸ್ಲಿ? ಕೊಯ್ಲಿನ ತನಕ ಇರ್ಲಿ. ಹೋಗೋರು ಬರೋರು ನಿಂತು, ಯಾರು ಬಿತ್ತಿದ್ದು ಅಂತ ಕೇಳ್ತಾರ. ನಿನ್ನ ಅಂಗಡಿ ಹೆಸರು ಹೇಳಾಕತ್ತೀನಿ.”